ಗುಂಡಿ ಹಾಕಲು ಬಾರದ ಕೈ, ಸಾಲು ಹಿಡಿಯದ ಬರಹ

ಎರಡನೇ ತರಗತಿಯ ಹುಡುಗನೊಬ್ಬ ಪಾಠವನ್ನೆಲ್ಲ ಬಾಯಲ್ಲಿ ಒಪ್ಪಿಸುತ್ತಾನೆ. ಹತ್ತರವರೆಗಿನ ಮಗ್ಗಿಯನ್ನು ತಪ್ಪಿಲ್ಲದೆ ಹೇಳುತ್ತಾನೆ. ಆದರೆ ಅವನ ನೋಟ್‌ಬುಕ್ ತೆರೆದರೆ ಬರಹ ಅರ್ಧ ಸಾಲಿಗೇ ನಿಂತಿರುತ್ತದೆ. ಅಕ್ಷರಗಳು ಗೆರೆ ಬಿಟ್ಟು ಮೇಲೇರಿರುತ್ತವೆ, ಒತ್ತಕ್ಷರಗಳು ಕೆಳಗಿನ ಸಾಲಿನೊಳಕ್ಕೆ ಇಳಿದಿರುತ್ತವೆ. ಹಾಳೆ ಹರಿಯುವಷ್ಟು ಪೆನ್ಸಿಲ್ ಒತ್ತಿ ಬರೆದ ಗುರುತು ಹಿಂದಿನ ಪುಟದಲ್ಲೂ ಕಾಣುತ್ತದೆ. ಟೀಚರ್ 'ಗಮನವಿಲ್ಲ, ಸೋಮಾರಿ' ಎಂದು ಕೆಂಪು ಶಾಯಿಯಲ್ಲಿ ಷರಾ ಬರೆಯುತ್ತಾರೆ. ಮನೆಯಲ್ಲಿ ಅಪ್ಪ ಅದೇ ಪಾಠವನ್ನು ಹತ್ತು ಸಲ ಬರೆಯುವ ಶಿಕ್ಷೆ ಕೊಡುತ್ತಾರೆ.

ಇನ್ನೊಂದು ಮನೆಯಲ್ಲಿ ಒಂಬತ್ತು ವರ್ಷದ ಹುಡುಗಿ. ಹುಟ್ಟುವಾಗ ಮಿದುಳಿಗೆ ಪೆಟ್ಟಾಗಿ ಬಲಗೈ ಬಿಗಿದುಕೊಂಡಿದೆ. ಅಮ್ಮನೇ ತುತ್ತು ಮಾಡಿ ತಿನ್ನಿಸಬೇಕು, ಅಮ್ಮನೇ ಸ್ನಾನ ಮಾಡಿಸಬೇಕು, ಅಮ್ಮನೇ ಎತ್ತಿಕೊಂಡು ಶೌಚಕ್ಕೆ ಕೂರಿಸಬೇಕು. ಮಗು ಬೆಳೆಯುತ್ತಿದೆ, ಅಮ್ಮನ ಸೊಂಟ ಸೋಲುತ್ತಿದೆ. 'ಇಷ್ಟೊಂದು ನೋಡಿಕೊಳ್ಳಲು ನಮ್ಮಲ್ಲಿ ಜನವಿಲ್ಲ' ಎಂದು ಶಾಲೆಯವರು ಮೆಲ್ಲಗೆ ಹೇಳಿ ಕಳಿಸಿದ್ದಾರೆ.

ಈ ಇಬ್ಬರು ಮಕ್ಕಳ ತೊಂದರೆ ಒಂದೇ ಅಲ್ಲ. ಆದರೆ ಇಬ್ಬರನ್ನೂ ಕಳಿಸಬೇಕಾದ ಜಾಗ ಒಂದೇ. ಅದು ಆಕ್ಯುಪೇಷನಲ್ ಥೆರಪಿ ವಿಭಾಗ. ದೊಡ್ಡ ಆಸ್ಪತ್ರೆಗಳಲ್ಲಿ ಫಿಸಿಯೋಥೆರಪಿ ಕೋಣೆಯ ಪಕ್ಕದಲ್ಲೇ ಇದರ ಬೋರ್ಡನ್ನು ಹಲವರು ನೋಡಿರುತ್ತಾರೆ. ಒಳಗೆ ಏನು ನಡೆಯುತ್ತದೆ ಎಂಬುದು ಮಾತ್ರ ಗೊತ್ತಿರುವುದು ಕಡಿಮೆ.

ಹೆಸರಿನ ಗೊಂದಲ

ಕನ್ನಡದಲ್ಲಿ ಇದನ್ನು 'ಔದ್ಯೋಗಿಕ ಚಿಕಿತ್ಸೆ' ಎಂದು ಅನುವಾದಿಸುತ್ತಾರೆ. ಹೀಗಾಗಿ ಇದು ಕೆಲಸ ಕೊಡಿಸುವ ವಿಭಾಗವೆಂದು ತಿಳಿದು ಅರ್ಜಿ ಹಿಡಿದು ಬಂದವರೂ ಉಂಟು! ಇಲ್ಲಿ ಆಕ್ಯುಪೇಷನ್ ಎಂದರೆ ಸಂಬಳ ತರುವ ಉದ್ಯೋಗವಲ್ಲ. ಮನುಷ್ಯ ಬೆಳಗಿನಿಂದ ರಾತ್ರಿಯವರೆಗೆ ತನಗಾಗಿ, ತನ್ನವರಿಗಾಗಿ ಮಾಡುವ ಪ್ರತಿಯೊಂದು ಕೆಲಸವೂ ಅದರಲ್ಲಿ ಸೇರುತ್ತದೆ. ಮಗುವಿನ ಮಟ್ಟಿಗೆ ಹಲ್ಲುಜ್ಜುವುದು, ಬಟ್ಟೆ ತೊಡುವುದು, ಊಟ ಮಾಡುವುದು, ಆಡುವುದು, ಬರೆಯುವುದು ಇವೇ ಅದರ ಉದ್ಯೋಗ. ನಮ್ಮ 'ಕಾಯಕ' ಎಂಬ ಪದವೇ ಇದಕ್ಕೆ ಹೆಚ್ಚು ಹತ್ತಿರವೆಂದು ನನಗನ್ನಿಸುತ್ತದೆ.

ಈ ಶಾಸ್ತ್ರಕ್ಕೆ ಒಂದು ಶತಮಾನಕ್ಕೂ ಹೆಚ್ಚಿನ ಇತಿಹಾಸವಿದೆ. ಅಮೆರಿಕದಲ್ಲಿ 1917ರಲ್ಲಿ ಇದರ ಮೊದಲ ಸಂಘ ಹುಟ್ಟಿತು. ಮೊದಲ ಮಹಾಯುದ್ಧದಲ್ಲಿ ಗಾಯಗೊಂಡ ಸೈನಿಕರನ್ನು ಮತ್ತೆ ಬದುಕಿಗೆ ಹಚ್ಚುವ ಕೆಲಸದಿಂದ ಇದು ಬಲ ಪಡೆಯಿತು. ಭಾರತಕ್ಕೆ ಇದನ್ನು ತಂದವರು ಕಮಲಾ ನಿಂಬ್ಕರ್. ಅಮೆರಿಕದಲ್ಲಿ ಹುಟ್ಟಿ, ಇಲ್ಲಿಯವರನ್ನು ಮದುವೆಯಾಗಿ ಮುಂಬೈಗೆ ಬಂದ ಈ ಮಹಿಳೆ 1950ರಲ್ಲಿ ಅಲ್ಲಿನ ಕೆ.ಇ.ಎಂ. ಆಸ್ಪತ್ರೆಯಲ್ಲಿ ದೇಶದ ಮೊದಲ ತರಬೇತಿ ಶಾಲೆಯನ್ನು ಆರಂಭಿಸಿದರು. ಎರಡು ವರ್ಷಗಳ ಬಳಿಕ ವಿಶ್ವ ಒಕ್ಕೂಟ ಸ್ಥಾಪನೆಯಾದಾಗ ಅದರ ಸ್ಥಾಪಕ ದೇಶಗಳಲ್ಲಿ ಭಾರತವೂ ಇತ್ತು.

ಫಿಸಿಯೋಥೆರಪಿಗೂ ಇದಕ್ಕೂ ಏನು ವ್ಯತ್ಯಾಸ ಎಂದು ಪಾಲಕರು ಕೇಳುತ್ತಾರೆ. ಸ್ಥೂಲವಾಗಿ ಹೇಳುವುದಾದರೆ, ಮಗುವಿನ ತೋಳಿನ ಬಿಗಿತ ಸಡಿಲಿಸಿ ಅದಕ್ಕೆ ಬಲ ತುಂಬುವತ್ತ ಫಿಸಿಯೋಥೆರಪಿಸ್ಟರ ಗಮನವಿರುತ್ತದೆ. ಆ ತೋಳಿನಿಂದ ತುತ್ತು ಬಾಯಿಗೆ ತಲುಪುವಂತೆ ಮಾಡುವುದು ಆಕ್ಯುಪೇಷನಲ್ ಥೆರಪಿಸ್ಟರ ಕೆಲಸ. ಕೈ ಪೂರ್ತಿ ಸರಿಹೋಗದಿದ್ದರೆ ಚಮಚದ ಹಿಡಿಯನ್ನೇ ದಪ್ಪ ಮಾಡಿ, ಬಗ್ಗಿಸಿ ಕೊಟ್ಟಾದರೂ ಮಗು ತಾನೇ ಉಣ್ಣುವಂತೆ ಮಾಡಬೇಕು. ಇಬ್ಬರೂ ಬೇಕಾಗುವ ಮಕ್ಕಳೇ ಹೆಚ್ಚು.

ಮೊದಲು ಕಾಲು, ಆಮೇಲೆ ಬೆರಳು

ಬರವಣಿಗೆ ಸರಿಯಿಲ್ಲವೆಂದು ಬಂದ ಮಗುವಿನ ಕೈಯನ್ನು ಥೆರಪಿಸ್ಟ್ ತಕ್ಷಣ ನೋಡುವುದಿಲ್ಲ. ಕಣ್ಣು, ಕಿವಿ ಪರೀಕ್ಷೆ ಆಗಿದೆಯೇ ಎಂದು ಮೊದಲು ಕೇಳುತ್ತಾರೆ. ಹಲಗೆಯ ಮೇಲಿನದು ಕಾಣದ ಮಗುವಿಗೆ ಬೇಕಾದುದು ಕನ್ನಡಕವೇ ಹೊರತು ಚಿಕಿತ್ಸೆಯಲ್ಲ. ನಂತರ ನೋಡುವುದು ಮಗು ಕುಳಿತುಕೊಳ್ಳುವ ರೀತಿಯನ್ನು. ಬೆಂಚು ಎತ್ತರವಾಗಿದ್ದು ಕಾಲು ನೇತಾಡುತ್ತಿದ್ದರೆ ಮಗುವಿನ ಸೊಂಟ, ಬೆನ್ನು ನಿಲ್ಲುವುದಿಲ್ಲ. ಆಗ ಅದು ಒಂದು ಕೈಯನ್ನು ಬೆಂಚಿಗೆ ಊರಿ ಬೀಳದಂತೆ ತನ್ನನ್ನು ತಡೆದುಕೊಳ್ಳುತ್ತದೆ, ಇಲ್ಲವೇ ಮೇಜಿನ ಮೇಲೆ ಮೈಚೆಲ್ಲಿ ಮಲಗಿ ಬರೆಯುತ್ತದೆ. ನಾವೇ ಮರದ ಕೊಂಬೆಯ ಮೇಲೆ ಕುಳಿತು ಸೂಜಿಗೆ ದಾರ ಪೋಣಿಸಲು ಹೊರಟರೆ ಹೇಗಿರುತ್ತದೆ ಎಂದು ಊಹಿಸಿಕೊಳ್ಳಿ.

ಇದಕ್ಕೆ ದುಬಾರಿ ಕುರ್ಚಿ ಬೇಕಾಗಿಲ್ಲ. ಪಾದ ಪೂರ್ತಿ ಊರುವಂತೆ ಕಾಲ ಕೆಳಗೆ ಎರಡು ಇಟ್ಟಿಗೆ ಅಥವಾ ಒಂದು ಮಣೆ, ಬೆನ್ನ ಹಿಂದೆ ಮಡಿಸಿದ ಜಮಖಾನ, ಮೊಣಕೈಗಿಂತ ಎರಡು ಬೆರಳು ಮೇಲಿರುವ ಮೇಜು ಇದ್ದರೆ ಸಾಕು. ನೆಲದ ಮೇಲೆ ಕೂರಿಸುವ ಶಾಲೆಗಳಲ್ಲಿ ಅಂಥ ಮಗುವಿಗೆ ಗೋಡೆಗೆ ಒರಗುವ ಜಾಗ ಕೊಟ್ಟು, ಬರೆಯಲು ಮುಂದೆ ಒಂದು ಗಿಡ್ಡ ಡೆಸ್ಕ್ ಇಡಬಹುದು. ಇಷ್ಟರಿಂದಲೇ ಬರಹ ಒಂದು ಮಟ್ಟಕ್ಕೆ ಬಂದ ಮಕ್ಕಳಿದ್ದಾರೆ.

ಬರವಣಿಗೆಗೆ ಕೈ ಸಿದ್ಧವಾಗುವುದಕ್ಕೂ ಒಂದು ಕ್ರಮವಿದೆ. ಮಗು ಸುಮಾರು ಎರಡು ವರ್ಷಕ್ಕೆ ನೆಟ್ಟಗಿನ ಗೆರೆ ನೋಡಿ ಎಳೆಯುತ್ತದೆ. ಮೂರಕ್ಕೆ ಸೊನ್ನೆ, ನಾಲ್ಕರ ಹೊತ್ತಿಗೆ ಕೂಡಿಸುವ ಚಿಹ್ನೆ, ನಾಲ್ಕೂವರೆಗೆ ಚೌಕ, ಐದಕ್ಕೆ ತ್ರಿಕೋನ. ಎಲ್ಲ ಮಕ್ಕಳೂ ಇದೇ ತಿಂಗಳಿಗೆ ಕಲಿಯುತ್ತಾರೆಂದಲ್ಲ. ಆದರೆ ಸೊನ್ನೆಯನ್ನೇ ಮುಚ್ಚಲು ಬಾರದ ಮೂರು ವರ್ಷದ ಮಗುವಿನ ಕೈಹಿಡಿದು 'ಅ' ತಿದ್ದಿಸುವ ನರ್ಸರಿಗಳ ಅವಸರ ಮಾತ್ರ ಅರ್ಥವಾಗದ್ದು.

ಕನ್ನಡ ಲಿಪಿಗೆ ಅದರದೇ ಆದ ಕಷ್ಟಸುಖಗಳಿವೆ. ನಮ್ಮ ಅಕ್ಷರಗಳು ದುಂಡಗಿನವು. ಪೆನ್ಸಿಲ್ ಎತ್ತದೆ ದಿಕ್ಕು ಬದಲಿಸುತ್ತ ಸಾಗಬೇಕು. ಅದರ ಮೇಲೆ ತಲೆಕಟ್ಟು, ಬಲಕ್ಕೆ ದೀರ್ಘ, ಕೆಳಗೆ ಒತ್ತು. 'ಲಕ್ಷ್ಮಿ' ಎಂದು ಬರೆಯುವ ಮಗು ಒಂದು ಸಾಲಿನಲ್ಲಿ ಮೂರು ಮಹಡಿಗಳನ್ನು ನಿಭಾಯಿಸಬೇಕಾಗುತ್ತದೆ. ನಲಿ-ಕಲಿ ತರಗತಿಗಳಲ್ಲಿ ರ, ಗ, ಸ, ದ, ಅ ಎಂದು ಆರಂಭಿಸುವ ಕ್ರಮವನ್ನು ಓದುಗರು ಬಲ್ಲರು. ಬೆರಳಿನ ದೃಷ್ಟಿಯಿಂದಲೂ ಅದು ಒಳ್ಳೆಯ ಕ್ರಮ. ಸುಲಭವಾದ ತಿರುವುಗಳು ಮೊದಲು ಕೈಗೆ ಹತ್ತುತ್ತವೆ, ಸಿಕ್ಕಿನವು ಆಮೇಲೆ ಬರುತ್ತವೆ. ಒತ್ತಕ್ಷರ ಎಲ್ಲಿ ನಿಲ್ಲಬೇಕೆಂದು ತಿಳಿಯದ ಮಗುವಿಗೆ ಒಂದು ಸಾಲು ಬಿಟ್ಟು ಒಂದು ಸಾಲು ಬರೆಸಿ, ಖಾಲಿ ಬಿಟ್ಟ ಸಾಲಿಗೆ ತೆಳುವಾಗಿ ಬಣ್ಣ ಹಚ್ಚಿಕೊಟ್ಟರೆ ಅರ್ಧ ಗೊಂದಲ ಕಳೆಯುತ್ತದೆ.

ಸ್ಲೇಟು-ಬಳಪವನ್ನು ಹಳೆಯ ಕಾಲದ್ದೆಂದು ಮೂಲೆಗೆಸೆಯಬೇಡಿ. ಬಳಪ ಸ್ಲೇಟಿನ ಮೇಲೆ ಉಜ್ಜುವಾಗ ಬೆರಳಿಗೆ ತಡೆ ತಿಳಿಯುತ್ತದೆ, ಗೆರೆ ಎಲ್ಲಿ ಹೋಗುತ್ತಿದೆಯೆಂದು ಕೈಗೇ ಗೊತ್ತಾಗುತ್ತದೆ. ಬಳಪದ ಚೂರು ಇನ್ನೂ ಒಳ್ಳೆಯದು. ಒಂದಂಗುಲದ ಚೂರನ್ನು ಮುಷ್ಟಿಯಲ್ಲಿ ಹಿಡಿಯಲು ಆಗುವುದಿಲ್ಲ, ಬೆರಳ ತುದಿಯಲ್ಲೇ ಹಿಡಿಯಬೇಕು. ಹಾಗೆಂದು ಪೆನ್ಸಿಲ್ ಹಿಡಿಯುವ ಬಗೆ ಒಂದೇ ಸರಿ ಎಂದು ಹಟ ಹಿಡಿಯುವುದೂ ತಪ್ಪು. ಮೂರು ಬೆರಳಲ್ಲಿ ಹಿಡಿದರೂ ನಾಲ್ಕು ಬೆರಳಲ್ಲಿ ಹಿಡಿದರೂ ಬರಹದ ಅಂದ ಮತ್ತು ವೇಗದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ಕೈ ನೋಯದಿದ್ದರೆ ಬಿಟ್ಟುಬಿಡಿ. ಎಡಗೈಯಲ್ಲಿ ಬರೆಯುವ ಮಗುವಿನ ಕೈ ಬದಲಿಸುವುದಂತೂ ಬೇಡವೇ ಬೇಡ.

ಇಲ್ಲಿ ಒಂದು ಮಾತು ಮಾತ್ರ ಗಮನಿಸಬೇಕು. ಒಂದು ವರ್ಷ ತುಂಬುವ ಮೊದಲೇ ಕೂಸು ಎಲ್ಲಕ್ಕೂ ಒಂದೇ ಕೈ ಚಾಚುತ್ತಿದ್ದು ಇನ್ನೊಂದನ್ನು ಮುಷ್ಟಿ ಕಟ್ಟಿ ಇಟ್ಟುಕೊಂಡಿದ್ದರೆ ಅದು ಎಡಚ ಅಥವಾ ಬಲಚ ಎಂಬುದರ ಗುರುತಲ್ಲ. ಇನ್ನೊಂದು ಕೈಯಲ್ಲಿ ದೌರ್ಬಲ್ಯವಿರಬಹುದು. ತಡಮಾಡದೆ ಮಕ್ಕಳ ವೈದ್ಯರಿಗೆ ತೋರಿಸಬೇಕು.

ಬೇರೆ ಯಾವ ಕಾಯಿಲೆಯೂ ಇಲ್ಲದೆ, ಬುದ್ಧಿಯೂ ಚುರುಕಾಗಿದ್ದು, ಕೈಕಾಲುಗಳ ಹೊಂದಾಣಿಕೆ ಮಾತ್ರ ಹಿಂದೆ ಬಿದ್ದ ಮಕ್ಕಳಿದ್ದಾರೆ. ಶಾಲಾ ವಯಸ್ಸಿನ ಮಕ್ಕಳಲ್ಲಿ ಶೇಕಡ 5ರಿಂದ 6ರಷ್ಟು ಮಂದಿಗೆ ಈ ತೊಂದರೆ ಇರುತ್ತದೆ ಎಂದು ತಜ್ಞರ ಅಂದಾಜು. ಅಂದರೆ ಮೂವತ್ತು ಮಕ್ಕಳ ತರಗತಿಯಲ್ಲಿ ಒಬ್ಬರೋ ಇಬ್ಬರೋ. ಇವರೇ ಸಾಮಾನ್ಯವಾಗಿ 'ಸೋಮಾರಿ' ಎನ್ನಿಸಿಕೊಳ್ಳುವವರು. ಹತ್ತು ಸಲ ಬರೆಯುವ ಶಿಕ್ಷೆಯಿಂದ ಇವರಿಗೆ ಬರೆಯುವುದೆಂದರೆ ಹೇಸಿಗೆ ಹುಟ್ಟುತ್ತದೆಯೇ ಹೊರತು ಅಕ್ಷರ ಸುಧಾರಿಸುವುದಿಲ್ಲ.

ಮನೆಯಲ್ಲಿ ಏನು ಮಾಡಬಹುದು? ಚಪಾತಿ ಹಿಟ್ಟು ನಾದುವುದು, ಅವರೆಕಾಯಿ ಬಿಡಿಸುವುದು, ನೆನೆಸಿದ ಅವರೆಕಾಳನ್ನು ಹಿದುಕುವುದು, ಹೂ ಕಟ್ಟುವುದು, ರಂಗೋಲಿಯ ಚುಕ್ಕಿ ಇಡುವುದು, ಅಳಗುಳಿಮಣೆಯಲ್ಲಿ ಕಾಳು ಹಂಚುವುದು, ಬಟ್ಟೆ ಒಣಹಾಕುವಾಗ ಕ್ಲಿಪ್ ಸಿಕ್ಕಿಸುವುದು, ಇವೆಲ್ಲ ಬೆರಳಿಗೆ ಒಳ್ಳೆಯ ಕಸರತ್ತು. ಹುಡುಗನಿಗೆ ಇವೆಲ್ಲ ಏಕೆ ಎನ್ನುವ ಅಜ್ಜಿಯರನ್ನು ಸ್ವಲ್ಪ ಒಪ್ಪಿಸಬೇಕಾಗುತ್ತದೆ. ಆದರೆ ಅವರೆಕಾಳು ಹಿದುಕಿದ ಮಾತ್ರಕ್ಕೆ ಅಕ್ಷರ ದುಂಡಗಾಗುವುದಿಲ್ಲ. ಬರೆಯುವ ಅಭ್ಯಾಸವನ್ನೇ ಬಿಟ್ಟು ಬರೀ ವ್ಯಾಯಾಮ ಮಾಡಿಸಿದಲ್ಲಿ ಕೈಬರಹ ಸುಧಾರಿಸದು ಎಂಬುದು ಅಧ್ಯಯನಗಳಲ್ಲಿ ಕಂಡುಬಂದಿದೆ. ದಿನಕ್ಕೆ ಹತ್ತೇ ನಿಮಿಷ, ಎರಡೇ ಅಕ್ಷರ, ಚೆನ್ನಾಗಿ ಬಂದ ಒಂದಕ್ಕೆ ಸುತ್ತು ಹಾಕಿ ಮೆಚ್ಚುಗೆ. ಹೀಗೆ ಕೆಲವು ತಿಂಗಳು ಸಾಗಬೇಕು.

ಕೊನೆಯ ಹೆಜ್ಜೆ ಮೊದಲು

ಬೌದ್ಧಿಕ ಬೆಳವಣಿಗೆ ನಿಧಾನವಾಗಿರುವ ಮಕ್ಕಳ ವಿಷಯಕ್ಕೆ ಬಂದಾಗ ಬರವಣಿಗೆಗಿಂತ ಮೊದಲು ಬರುವುದು ಬಟ್ಟೆ, ಊಟ, ಶೌಚ. 'ಎಷ್ಟು ಹೇಳಿಕೊಟ್ಟರೂ ಬರುವುದಿಲ್ಲ' ಎಂದು ತಾಯಂದಿರು ಕೈಚೆಲ್ಲುತ್ತಾರೆ. ಹೇಳಿಕೊಡುವ ಕ್ರಮವನ್ನು ಬದಲಿಸಿದರೆ ಎಷ್ಟೋ ಬಾರಿ ಬರುತ್ತದೆ.

ಚಡ್ಡಿ ಹಾಕಿಕೊಳ್ಳುವುದನ್ನೇ ತೆಗೆದುಕೊಳ್ಳಿ. ನಮಗೆ ಅದು ಒಂದು ಕೆಲಸ. ಬಿಡಿಸಿ ನೋಡಿದರೆ ಆರು ಕೆಲಸ: ಚಡ್ಡಿಯ ಹಿಂದು-ಮುಂದು ಗುರುತಿಸುವುದು, ಎರಡು ಕೈಯಲ್ಲಿ ಅಗಲಿಸಿ ಹಿಡಿಯುವುದು, ಒಂದು ಕಾಲು ತೂರಿಸುವುದು, ಇನ್ನೊಂದು ಕಾಲು ತೂರಿಸುವುದು, ಮೊಣಕಾಲಿನವರೆಗೆ ಎಳೆಯುವುದು, ಸೊಂಟಕ್ಕೆ ಏರಿಸುವುದು. ಮೊದಲನೆಯದರಿಂದ ಕಲಿಸಲು ಹೊರಟರೆ ಮಗು ಮೊದಲ ಹೆಜ್ಜೆಯಲ್ಲೇ ಸೋತು ಅಳುತ್ತದೆ. ಆದ್ದರಿಂದ ಥೆರಪಿಸ್ಟರು ಕೊನೆಯಿಂದ ಆರಂಭಿಸುತ್ತಾರೆ. ಐದು ಹೆಜ್ಜೆಗಳನ್ನೂ ಅಮ್ಮನೇ ಮಾಡಿ, ಸೊಂಟಕ್ಕೆ ಏರಿಸುವುದನ್ನು ಮಾತ್ರ ಮಗುವಿಗೆ ಬಿಡುವುದು. ಮಗು ಎಳೆದುಕೊಂಡಿತು, ಕೆಲಸ ಮುಗಿಯಿತು, ಶಹಬ್ಬಾಸ್. ಅದು ಅಂಗೈ ನೆಲ್ಲಿಯಂತೆ ಸಲೀಸಾದ ಮೇಲೆ ಮೊಣಕಾಲಿನಿಂದ ಎಳೆಯುವುದನ್ನೂ ಮಗುವಿಗೆ ಬಿಡುವುದು. ಹೀಗೆ ಹಿಂದಕ್ಕೆ ಹಿಂದಕ್ಕೆ ಸಾಗುವುದು. ಪ್ರತಿ ಬಾರಿಯೂ ಕೆಲಸ ಮುಗಿಸಿದ ಖುಷಿ ಮಗುವಿನದೇ ಆಗಿರುತ್ತದೆ ಎಂಬುದೇ ಇದರ ಗುಟ್ಟು. ಶಾಲೆಗೆ ಹೊರಡುವ ಬೆಳಗಿನ ಗಡಿಬಿಡಿಯಲ್ಲಿ ಇದನ್ನು ಕಲಿಸಲು ಹೋಗಬಾರದು. ಸಂಜೆ ಬಟ್ಟೆ ಬದಲಿಸುವ ಹೊತ್ತು ಒಳ್ಳೆಯದು.

ಇಷ್ಟಾದರೂ ಆಗದ್ದು ಇರುತ್ತದೆ. ಆಗ ಬಟ್ಟೆಯನ್ನೇ ಬದಲಿಸಬೇಕು. ಲಾಡಿಯ ಬದಲು ಎಲಾಸ್ಟಿಕ್, ಗುಂಡಿಯ ಕೆಳಗೆ ವೆಲ್ಕ್ರೋ ಪಟ್ಟಿ, ಲೇಸಿನ ಶೂ ಬದಲು ಪಟ್ಟಿಯ ಶೂ. ಹೊರಗಿನಿಂದ ನೋಡಿದರೆ ಯೂನಿಫಾರ್ಮಿಗೆ ಯಾವ ಕುಂದೂ ಕಾಣುವುದಿಲ್ಲ. ಒಂದು ಕೈ ಮಾತ್ರ ಚಾಲ್ತಿಯಲ್ಲಿರುವ ಮಗುವಿಗೆ ಬರೆಯುವಾಗ ಹಾಳೆ ಜಾರದಂತೆ ಪುಸ್ತಕದ ಕೆಳಗೆ ಒಂದು ರಬ್ಬರ್ ಹಾಸು ಅಥವಾ ಕ್ಲಿಪ್ ಬೋರ್ಡ್. ತಟ್ಟೆ ಜಾರದಂತೆ ಅದರಡಿ ಒದ್ದೆ ಬಟ್ಟೆ. ಇವಕ್ಕೆಲ್ಲ ಹತ್ತಾರು ರೂಪಾಯಿ ಸಾಕು.

ಬಲಹೀನ ಕೈಯನ್ನು ಕೆಲಸಕ್ಕೆ ಹಚ್ಚುವ ಇನ್ನೊಂದು ವಿಧಾನವೂ ಇದೆ. ಚೆನ್ನಾಗಿರುವ ಕೈಗೆ ದಿನದಲ್ಲಿ ಇಂತಿಷ್ಟು ಹೊತ್ತು ಗವಸು ತೊಡಿಸಿ, ಆಟವೆಲ್ಲ ಇನ್ನೊಂದು ಕೈಯಲ್ಲೇ ನಡೆಯುವಂತೆ ಮಾಡುವುದು. ದೇಹದ ಒಂದು ಪಾರ್ಶ್ವಕ್ಕೆ ಮಾತ್ರ ಸೆರೆಬ್ರಲ್ ಪಾಲ್ಸಿ ಇರುವ ಮಕ್ಕಳಲ್ಲಿ ಇದರಿಂದ ಪ್ರಯೋಜನವಿದೆ ಎಂಬುದು ದೃಢಪಟ್ಟಿದೆ. ಆದರೆ ಇದನ್ನು ತಜ್ಞರ ಕಣ್ಣಳತೆಯಲ್ಲೇ ಮಾಡಿಸಬೇಕು. ಮನೆಯಲ್ಲಿ ತಾವಾಗಿಯೇ ಕೈ ಕಟ್ಟಿಹಾಕಿದರೆ ಮಗು ಹೆದರಿ ಎರಡು ಕೈಯನ್ನೂ ಮಡಚಿಕೊಂಡೀತು.

ಹದಿಹರೆಯಕ್ಕೆ ಕಾಲಿಡುತ್ತಿರುವ ಹೆಣ್ಣುಮಕ್ಕಳ ತಾಯಂದಿರು ಬಾಗಿಲು ಮುಚ್ಚಿಕೊಂಡು ಪಿಸುದನಿಯಲ್ಲಿ ಕೇಳುವುದು ಮುಟ್ಟಿನ ಬಗ್ಗೆ. ಅದಕ್ಕೂ ಹೆಜ್ಜೆ ಹೆಜ್ಜೆಯ ಪಾಠವಿದೆ. ಕ್ಯಾಲೆಂಡರಿನಲ್ಲಿ ಗುರುತು ಹಾಕುವುದು, ಒಳಉಡುಪಿನ ಮೇಲೆ ಪ್ಯಾಡ್ ಇಡುವ ಜಾಗಕ್ಕೆ ದಾರದಲ್ಲಿ ಗೆರೆ ಹೊಲಿದುಕೊಡುವುದು, ಮುಟ್ಟು ಆರಂಭವಾಗುವ ಮೊದಲೇ ಪ್ಯಾಡ್ ಇಟ್ಟುಕೊಂಡು ಓಡಾಡಿ ಅಭ್ಯಾಸ ಮಾಡಿಸುವುದು. ಇದೊಂದೇ ಕಾರಣಕ್ಕೆ ಶಾಲೆ ಬಿಡಿಸಿದ, ಗರ್ಭಕೋಶವನ್ನೇ ತೆಗೆಸಿಬಿಡೋಣವೇ ಎಂದು ಕೇಳುವ ಮನೆಗಳಿರುವುದರಿಂದ ಈ ವಿಷಯ ಇಲ್ಲಿ ಬರೆಯಬೇಕಾಯಿತು.

ಗದ್ದಲ ತಾಳದ ಮಗು

ಆಟಿಸಂ ಇರುವ ಕೆಲವು ಮಕ್ಕಳಿಗೆ ಶಾಲೆಯ ಗಂಟೆ ಕಿವಿಗೆ ಸುತ್ತಿಗೆ ಬಡಿದಂತೆ ಕೇಳುತ್ತದೆ. ಬಿಸಿಯೂಟದ ಒಗ್ಗರಣೆಯ ವಾಸನೆಗೆ ವಾಕರಿಕೆ ಬರುತ್ತದೆ, ಪ್ರಾರ್ಥನೆಯ ಸಾಲಿನಲ್ಲಿ ಪಕ್ಕದವರ ಮೈ ತಗುಲಿದರೆ ಕಿರುಚಾಟ ಆರಂಭವಾಗುತ್ತದೆ. ಇದು ಹಟವಲ್ಲ. ಇಂದ್ರಿಯಗಳಿಂದ ಬರುವ ಸುದ್ದಿಯನ್ನು ಮಿದುಳು ಹೇಗೆ ಜೋಡಿಸಿಕೊಳ್ಳುತ್ತದೆ ಎಂಬುದರ ಬಗ್ಗೆ ಅಮೆರಿಕದ ಆಕ್ಯುಪೇಷನಲ್ ಥೆರಪಿಸ್ಟ್ ಜೀನ್ ಏರ್ಸ್ 1972ರಲ್ಲಿ ಪುಸ್ತಕವನ್ನೇ ಬರೆದರು. ಥೆರಪಿ ಕೋಣೆಗಳಲ್ಲಿ ಕಾಣುವ ಉಯ್ಯಾಲೆ, ದೊಡ್ಡ ಚೆಂಡು, ಜಾರುಹಲಗೆಗಳೆಲ್ಲ ಅವರ ಸಿದ್ಧಾಂತದಿಂದ ಬಂದವು.

ಆದರೆ ಪಾಲಕರು ಒಂದು ವಿಷಯ ತಿಳಿದಿರಬೇಕು. ಈ ಬಗೆಯ ಚಿಕಿತ್ಸೆಯ ಪರಿಣಾಮದ ಬಗ್ಗೆ ಇರುವ ಸಂಶೋಧನೆ ಸೀಮಿತ, ಖಚಿತವಲ್ಲ ಎಂದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2012ರಲ್ಲಿ ಹೇಳಿತು. ಆಸ್ಟ್ರೇಲಿಯದ ಅಯೋನಾ ನೋವಾಕ್ ಮತ್ತು ಸಂಗಡಿಗರು ಮಕ್ಕಳ ಆಕ್ಯುಪೇಷನಲ್ ಥೆರಪಿಯ ಅಧ್ಯಯನಗಳನ್ನೆಲ್ಲ ಒಟ್ಟಿಗೆ ಜಾಲಾಡಿ 2019ರಲ್ಲಿ ಪ್ರಕಟಿಸಿದ ವರದಿಯೂ ಇದೇ ದಿಕ್ಕಿನಲ್ಲಿದೆ. ಮಗು ಯಾವ ಕೆಲಸ ಕಲಿಯಬೇಕೋ ಆ ಕೆಲಸವನ್ನೇ, ಅದು ನಡೆಯುವ ಜಾಗದಲ್ಲೇ, ಗುರಿ ಇಟ್ಟು ಮತ್ತೆ ಮತ್ತೆ ಮಾಡಿಸುವ ವಿಧಾನಗಳಿಗೆ ಹೆಚ್ಚು ಆಧಾರವಿದೆ. ಉಯ್ಯಾಲೆ ಬೇಡವೆಂದಲ್ಲ, ಮಗುವಿಗೆ ಅದು ಖುಷಿ ಕೊಡುತ್ತದೆ. ಆದರೆ ವರ್ಷವಿಡೀ ಉಯ್ಯಾಲೆ ತೂಗಿಸಿ, ಮಗು ತಾನೇ ಲೋಟ ಎತ್ತಿ ನೀರು ಕುಡಿಯುವುದನ್ನೂ ಕಲಿಯದಿದ್ದರೆ ಕೇಳುವ ಹಕ್ಕು ನಿಮಗಿದೆ.

ಶಾಲೆಯಲ್ಲಿ ಮಾಡಬೇಕಾದುದು ಸರಳ. ಗೋಡೆಯ ಪಕ್ಕದ ಜಾಗ, ಗಂಟೆ ಹೊಡೆಯುವ ಮೊದಲೇ ಒಂದು ಮಾತು, ದಿನದ ಪಾಠಗಳನ್ನು ಚಿತ್ರದಲ್ಲಿ ತೋರಿಸುವ ಒಂದು ಪಟ್ಟಿ, ತೀರಾ ಕಷ್ಟವಾದಾಗ ಐದು ನಿಮಿಷ ಹೊರಗೆ ಕೂರಲು ಅನುಮತಿ.

ಮಗುವಲ್ಲ, ಮೆಟ್ಟಿಲು

ಶಾಲೆಗಳಲ್ಲಿ ಕೆಲಸ ಮಾಡುವ ಥೆರಪಿಸ್ಟ್ ಹೆಚ್ಚಿನ ಸಮಯವನ್ನು ಮಗುವಿನ ಮೇಲೆ ಕಳೆಯುವುದಿಲ್ಲ. ಮೆಟ್ಟಿಲು, ಬಾಗಿಲು, ನಲ್ಲಿಯ ಎತ್ತರ, ಶೌಚಾಲಯ, ಪರೀಕ್ಷೆಯ ನಿಯಮ, ಟೀಚರ ತಾಳ್ಮೆ ಇವುಗಳ ಮೇಲೆ ಕಳೆಯುತ್ತಾರೆ. ಕುಕ್ಕರಗಾಲಲ್ಲಿ ಕೂರಲಾಗದ ಹುಡುಗಿ ಶಾಲೆಯಲ್ಲಿ ಶೌಚಕ್ಕೆ ಹೋಗಲಾರದೆ ಬೆಳಗಿನಿಂದ ನೀರು ಕುಡಿಯದೇ ಇರುತ್ತಾಳೆ. ಮೂತ್ರದ ಸೋಂಕು ಆಗುತ್ತದೆ, ಹಾಜರಿ ಕಡಿಮೆಯಾಗುತ್ತದೆ, ಒಂದು ದಿನ ಬರುವುದೇ ನಿಲ್ಲುತ್ತದೆ. ಗೋಡೆಗೆ ಹಿಡಿದುಕೊಳ್ಳಲು ಒಂದು ಕಬ್ಬಿಣದ ಪೈಪು, ನಡುವೆ ರಂಧ್ರವಿರುವ ಒಂದು ಗಟ್ಟಿ ಕುರ್ಚಿ ಇದ್ದರೆ ಅವಳ ಓದು ಉಳಿಯುತ್ತದೆ. ಯಾವ ವ್ಯಾಯಾಮವೂ ಆ ಪೈಪಿನ ಕೆಲಸ ಮಾಡಲಾರದು.

ಇದು ದಾಕ್ಷಿಣ್ಯದ ಪ್ರಶ್ನೆಯೂ ಅಲ್ಲ. 1995ರ ಕಾಯ್ದೆಯಲ್ಲಿ 7 ಬಗೆಯ ಅಂಗವೈಕಲ್ಯಗಳಿದ್ದವು. ಅದರ ಬದಲು ಬಂದ, 2017ರ ಏಪ್ರಿಲ್‌ನಿಂದ ಜಾರಿಯಲ್ಲಿರುವ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಆಟಿಸಂ, ಕಲಿಕಾ ನ್ಯೂನತೆ ಸೇರಿ 21 ಬಗೆಗಳಿವೆ. ಶೇಕಡ 40 ಅಥವಾ ಹೆಚ್ಚಿನ ವೈಕಲ್ಯವಿರುವ 6ರಿಂದ 18 ವರ್ಷದ ಮಕ್ಕಳಿಗೆ ನೆರೆಯ ಶಾಲೆಯಲ್ಲೋ, ಅವರು ಆರಿಸಿದ ವಿಶೇಷ ಶಾಲೆಯಲ್ಲೋ ಉಚಿತ ಶಿಕ್ಷಣದ ಹಕ್ಕಿದೆ. ಸರ್ಕಾರದ ನೆರವು ಅಥವಾ ಮಾನ್ಯತೆ ಪಡೆದ ಶಾಲೆಗಳು ಭೇದವೆಣಿಸದೆ ಸೇರಿಸಿಕೊಳ್ಳಬೇಕು. ಬರೆಯಲಾಗದ ವಿದ್ಯಾರ್ಥಿಗೆ ಪರೀಕ್ಷೆಯಲ್ಲಿ ಬರಹಗಾರರನ್ನು ಪಡೆಯುವ, ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚು ಕಾಲಾವಕಾಶ ಪಡೆಯುವ ಅವಕಾಶವನ್ನು ಕೇಂದ್ರದ 2018ರ ಮಾರ್ಗಸೂಚಿ ಕೊಟ್ಟಿದೆ. ಇಂಥ ಸೌಲಭ್ಯ ಕೇಳುವಾಗ ಥೆರಪಿಸ್ಟರ ವರದಿ ಬಹಳ ನೆರವಾಗುತ್ತದೆ.

ಎಲ್ಲಿ ಹೋಗಬೇಕು

ನಮ್ಮ ಜಿಲ್ಲೆಗಳಲ್ಲಿ ಇಂಥ ತಜ್ಞರು ಕಡಿಮೆ ಎಂಬುದು ನಿಜ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಅಂಗನವಾಡಿ ಮತ್ತು ಶಾಲೆಗಳಿಗೆ ವೈದ್ಯರ ತಂಡ ಬಂದು ಮಕ್ಕಳನ್ನು ತಪಾಸಣೆ ಮಾಡುತ್ತದೆ. ತೊಂದರೆ ಕಂಡವರನ್ನು ಜಿಲ್ಲಾ ಮಟ್ಟದ ಶೀಘ್ರ ಮಧ್ಯಸ್ಥಿಕೆ ಕೇಂದ್ರಕ್ಕೆ ಕಳಿಸುತ್ತಾರೆ. ಆ ದಿನ ಮಗುವನ್ನು ತಪ್ಪದೆ ಶಾಲೆಗೆ ಕಳಿಸಿ. ತಾಲ್ಲೂಕಿನ ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿ ವಿಶೇಷ ಅಗತ್ಯದ ಮಕ್ಕಳಿಗಾಗಿಯೇ ಸಂಪನ್ಮೂಲ ಶಿಕ್ಷಕರಿರುತ್ತಾರೆ. ಶಾಲೆಗೆ ಬರಲಾಗದ ಮಕ್ಕಳಿಗೆ ಮನೆಯಲ್ಲೇ ಕಲಿಸುವ ವ್ಯವಸ್ಥೆಯನ್ನೂ ಅವರಲ್ಲಿ ವಿಚಾರಿಸಬಹುದು. ಮೈಸೂರಿನ ವಾಕ್ ಶ್ರವಣ ಸಂಸ್ಥೆ, ಬೆಂಗಳೂರಿನ ನಿಮ್ಹಾನ್ಸ್, ಮಣಿಪಾಲದ ಆಸ್ಪತ್ರೆಗಳಿಗೆ ದೂರದ ಊರುಗಳಿಂದ ಬರುವವರು ಇದ್ದಾರೆ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ವೈಕಲ್ಯ ಮತ್ತು ಬಹುವಿಧ ವೈಕಲ್ಯ ಇರುವವರಿಗೆ ರಾಷ್ಟ್ರೀಯ ನ್ಯಾಸದ 'ನಿರಾಮಯ' ವಿಮೆಯಲ್ಲಿ ಒಂದು ಲಕ್ಷ ರೂಪಾಯಿವರೆಗೆ ವೆಚ್ಚ ಸಿಗುತ್ತದೆ. ಥೆರಪಿಯ ಖರ್ಚೂ ಅದರಲ್ಲಿ ಸೇರಿದೆ.

ಖಾಸಗಿ ಕೇಂದ್ರಕ್ಕೆ ಹೋಗುವವರು ಚಿಕಿತ್ಸೆ ಕೊಡುವವರು ಆಕ್ಯುಪೇಷನಲ್ ಥೆರಪಿಯಲ್ಲಿ ಪದವಿ ಪಡೆದವರೇ ಎಂದು ಸಂಕೋಚವಿಲ್ಲದೆ ಕೇಳಬೇಕು. 2021ರ ಕಾಯ್ದೆ ಈ ವೃತ್ತಿಯನ್ನೂ ನೋಂದಣಿಯ ವ್ಯಾಪ್ತಿಗೆ ತಂದಿದೆ. 'ಆರು ತಿಂಗಳಲ್ಲಿ ಪೂರ್ತಿ ಗುಣ' ಎನ್ನುವವರಿಂದ, ಪೂರ್ತಿ ಹಣ ಮುಂಗಡ ಕೇಳುವವರಿಂದ, ಪಾಲಕರನ್ನು ಒಳಗೆ ಬಿಡದೆ ಬಾಗಿಲು ಹಾಕಿಕೊಳ್ಳುವವರಿಂದ ದೂರವಿರಿ. ವಾರದಲ್ಲಿ 168 ಗಂಟೆ. ಅದರಲ್ಲಿ ಥೆರಪಿಸ್ಟರ ಬಳಿ ಇರುವುದು ಒಂದೋ ಎರಡೋ ಗಂಟೆ. ಮನೆಯಲ್ಲಿ ಏನು ಮಾಡಬೇಕೆಂದು ಅಮ್ಮನಿಗೆ, ಅಜ್ಜಿಗೆ ಹೇಳಿಕೊಡದ ಚಿಕಿತ್ಸೆ ಅರ್ಧ ಚಿಕಿತ್ಸೆ.

ಮೊದಲ ಭೇಟಿಗೆ ಹೋಗುವಾಗ ಮಗುವಿನ ಶಾಲೆಯ ನೋಟ್‌ಬುಕ್ಕುಗಳನ್ನು, ಅದರಲ್ಲೂ ಕೆಂಪು ಶಾಯಿಯ ಷರಾ ಇರುವುದನ್ನು ಒಯ್ಯಿರಿ. ದಿನಾ ಉಣ್ಣುವ ತಟ್ಟೆ, ಚಮಚ, ಶಾಲೆಗೆ ಹಾಕುವ ಶೂ ಇರಲಿ. ಹೆರಿಗೆಯ ಮತ್ತು ಹಳೆಯ ಚಿಕಿತ್ಸೆಯ ಚೀಟಿಗಳಿರಲಿ. ಮಗು ನಿದ್ದೆ ಮಾಡುವ ಹೊತ್ತಿಗೆ ಸಮಯ ಗೊತ್ತುಮಾಡಿಕೊಳ್ಳಬೇಡಿ. ಮಗುವಿಗೆ ಆಗದ ಕೆಲಸಗಳ ಪಟ್ಟಿಯನ್ನು ಬರೆದುಕೊಂಡು ಹೋಗುತ್ತೀರಷ್ಟೆ, ಅದರ ಪಕ್ಕದಲ್ಲೇ ಆಗುವ ಕೆಲಸಗಳನ್ನೂ ಬರೆದುಕೊಳ್ಳಿ. ಥೆರಪಿಸ್ಟ್ ಮೊದಲು ಓದುವುದು ಆ ಎರಡನೆಯ ಪಟ್ಟಿಯನ್ನು.